ಉಪ್ಪಿನ ಪೊಟ್ಟಣ ಮತ್ತು ಥೈರಾಯ್ಡ್

ಮನೆಯ ಹೆಣ್ಣುಮಕ್ಕಳು ಸುಸ್ತು, ಚಳಿ, ಮೈಭಾರ, ಕೂದಲು ಉದುರುವುದು ಎಂದರೆ ಕೆಲಸ ಹೆಚ್ಚಾಗಿದೆ ಎಂದು ನಾವು ಸುಮ್ಮನಾಗುತ್ತೇವೆ. ಕಾರಣ ಥೈರಾಯ್ಡ್ ಇರಬಹುದು. ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಈ ಗ್ರಂಥಿ ಅಯೋಡಿನ್‌ನಿಂದ ಥೈರಾಕ್ಸಿನ್ ಹಾರ್ಮೋನನ್ನು ತಯಾರಿಸುತ್ತದೆ. ಅದು ಹೆಚ್ಚಾದರೆ ಎದೆಬಡಿತ, ಕೈನಡುಕ, ತೂಕ ಇಳಿಯುವುದು. ಅಯೋಡಿನ್ ಸಾಲದಿದ್ದರೆ ಗ್ರಂಥಿ ಊದಿ ಗಳಗಂಡವಾಗುತ್ತದೆ. ಗರ್ಭಿಣಿಯಲ್ಲಿ ಈ ಕೊರತೆ ತೀವ್ರವಾದರೆ ಮಗುವಿನ ಬುದ್ಧಿಯೇ ಕುಂದುತ್ತದೆ.

ನಮಗೆ ದಿನಕ್ಕೆ ಬೇಕಾದ ಅಯೋಡಿನ್ ಕೇವಲ 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಮೀನು, ಮೊಟ್ಟೆ ಮುಟ್ಟದ ನಮ್ಮ ಮನೆಗಳಿಗೆ ಹಾಲು ಮತ್ತು ಅಯೋಡಿನ್ ಉಪ್ಪೇ ಆಧಾರ.

ಶ್ರೀಕಾಕುಳದಲ್ಲಿ ಹುಟ್ಟಿದ ಡಾ. ವಿ. ರಾಮಲಿಂಗಸ್ವಾಮಿಯವರು 1956ರಿಂದ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಕೆಲವು ಊರುಗಳಿಗೆ ಅಯೋಡಿನ್ ಉಪ್ಪು, ಕೆಲವಕ್ಕೆ ಸಾದಾ ಉಪ್ಪು ಕೊಡಿಸಿ ನೋಡಿದರು. ಅಯೋಡಿನ್ ಉಪ್ಪು ತಿಂದ ಊರುಗಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ಸರ್ಕಾರದ ಯೋಜನೆ ಬಂತು. ಊಟಕ್ಕೆ ಸಾದಾ ಉಪ್ಪು ಮಾರುವುದನ್ನು 2006ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ.

ಹಿಂದೆ ಹಾಲಹರವಿಯ ಕಡೆ ಹರಳುಪ್ಪಿನ ಚೀಲ ಅಂಗಡಿಯ ಹೊರಗೇ ಬಿದ್ದಿರುತ್ತಿತ್ತು. ಉಪ್ಪು ಕದಿಯುವವರು ಯಾರು ಎಂಬ ಧೈರ್ಯ! ಆದರೆ ಬಿಸಿಲು, ತೇವಗಳು ಅಯೋಡಿನ್ನನ್ನು ಕದಿಯುತ್ತವೆ. ಆದ್ದರಿಂದ ಅಂಗಡಿಯಲ್ಲಿ ಪೊಟ್ಟಣಗಳನ್ನು ನೆರಳಲ್ಲಿ, ನೆಲದಿಂದ ಮೇಲೆ ಇಡಬೇಕು. ಮನೆಯಲ್ಲಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಅಡುಗೆಯ ಕೊನೆಗೆ ಹಾಕಬೇಕು. ವ್ರತದ ದಿನ ಸೈಂಧವ ಲವಣ ಬಳಸಿದರೆ ಚಿಂತೆಯಿಲ್ಲ. ಒಳ್ಳೆಯದೆಂದು ವರ್ಷವಿಡೀ ಅದನ್ನೇ ತಿಂದರೆ ಅಯೋಡಿನ್ ಸಾಲದು.

ಉಪ್ಪು ಔಷಧವಲ್ಲ ಎಂಬುದೂ ನೆನಪಿರಲಿ. ಈಗ ಕಾಣುವ ಎಷ್ಟೋ ಥೈರಾಯ್ಡ್ ತೊಂದರೆಗಳಲ್ಲಿ ದೇಹದ ರಕ್ಷಣಾಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿರುತ್ತದೆ. ಅದಕ್ಕೆ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಬರೆದಷ್ಟೇ ಮಾತ್ರೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟು ಹಾಲು, ಚಹಾ, ತಿಂಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ.

ಪರ್ಯುಷಣದಲ್ಲಿ ಉಪವಾಸವೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ನೀರು ಕುಡಿಯುವ ಉಪವಾಸವಾದರೆ ಮಾತ್ರೆಯ ಹೊತ್ತನ್ನೂ, ನಿರ್ಜಲವಾದರೆ ಉಪವಾಸ ಮಾಡಬಹುದೇ ಎಂಬುದನ್ನೂ ಮೊದಲೇ ವೈದ್ಯರಲ್ಲಿ ಕೇಳಿ, ಗುರುಗಳಿಗೂ ತಿಳಿಸಬೇಕು. ಗರ್ಭಿಣಿಯರಂತೂ ಮಾತ್ರೆ ಬಿಡಲೇಬಾರದು. ಮಗು ಹುಟ್ಟಿದ ಮೊದಲ ವಾರದಲ್ಲೇ ಅದರ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು.

ವ್ಯಾಪಾರಸ್ಥ ಬಂಧುಗಳೇ, ಉಪ್ಪಿನಲ್ಲಿ ಲಾಭ ಬಿಡಿಕಾಸು. ಆದರೂ ಗಿರಾಕಿಯ ಮಗುವಿನ ಬುದ್ಧಿ ಆ ಪೊಟ್ಟಣದಲ್ಲಿದೆ. ಅದನ್ನು ನೋಡಿ ತನ್ನಿ, ನೋಡಿ ಮಾರಿ.