ನದಿ ಕಂಡರಷ್ಟೇ ಕೋಟೆ

ಮಹಾರಾಷ್ಟ್ರದ ಬಾರಾಮತಿಯ ಕರ್ಹಾ ನದಿ ನೀರಾ, ಭೀಮಾ ನದಿಗಳ ಮೂಲಕ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅರಬ್ಬಿ ಸಮುದ್ರವೇ ಹತ್ತಿರವಾದರೂ ನಡುವೆ ಘಟ್ಟವಿದೆ. ಹಾಗಾಗಿ ಆ ಊರಿಗೆ ನದಿಯಿಂದ ಯುದ್ಧನೌಕೆ ಬಂದೀತೆಂಬ ಭಯವಿರಲಿಲ್ಲ. ಘಟ್ಟ ಇಳಿದು ಕರಾವಳಿಗೆ ಬಂದರೆ ಲೆಕ್ಕವೇ ಬೇರೆ. ಇಲ್ಲಿನ ಹೊಳೆಗಳು ಗಿಡ್ಡ, ಎಲ್ಲವೂ ಪಡುವಣಕ್ಕೆ ಹರಿಯುತ್ತವೆ. ಮಳೆಗಾಲದ ಕಡಲಿನಲ್ಲಿ ನಿಲ್ಲಲಾಗದ ದೋಣಿ, ಮಂಜಿಗಳಿಗೆ ಅವುಗಳ ಅಳಿವೆಯೇ ಆಸರೆ. ಮಂಗಳೂರಿನವರು ಇಂದಿಗೂ ‘ಅಳಿವೆ ಬಾಗಿಲು’ ಎನ್ನುತ್ತಾರೆ. ವ್ಯಾಪಾರಿ ಬರುವ ದಾರಿಯಲ್ಲೇ ಶತ್ರುವೂ ಬರಬಹುದು. ಆದ್ದರಿಂದ ಕರಾವಳಿಯ ಹಲವು ಕೋಟೆಗಳು ತೆರೆದ ಕಡಲಿಗಿಂತ ಹೆಚ್ಚಾಗಿ ಹೊಳೆಯನ್ನೇ ಕಾದವು. ಅಘನಾಶಿನಿಯ ಬಳಿಯ ಮಿರ್ಜಾನ್, ಕಾಸರಗೋಡಿನ ಚಂದ್ರಗಿರಿ, ಕಾಳಿ ನದಿಯ ದಂಡೆಯ ಸದಾಶಿವಗಡ ಇದಕ್ಕೆ ಸಾಕ್ಷಿ. ಈ ಸಾಲಿನಲ್ಲಿ ತೀರಾ ಚಿಕ್ಕದು, ತೀರಾ ತಪ್ಪಾಗಿ ಅರ್ಥವಾಗುವುದು ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿ.

ಕೋಟೆಯೆಂದರೆ ಕಂದಕ, ಹೆಬ್ಬಾಗಿಲು, ಅರಮನೆ ಎಂದು ಎಣಿಸಿ ಬಂದವರಿಗೆ ಇಲ್ಲಿ ನಿರಾಸೆ ಕಾದಿರುತ್ತದೆ. ಗುರುಪುರ ನದಿಯ, ಅಂದರೆ ಫಲ್ಗುಣಿಯ ದಂಡೆಯಲ್ಲಿ ಕರಿಕಲ್ಲಿನದೊಂದು ಗಟ್ಟಿ ಕಟ್ಟಡ, ಮೇಲೇರಲು ಮೆಟ್ಟಿಲು, ಗೋಡೆಯುದ್ದಕ್ಕೂ ಫಿರಂಗಿ ಚಾಚಲು ಕಂಡಿಗಳು, ಕೆಳಗೆ ಮದ್ದುಗುಂಡು ಇಡುವ ನೆಲಮಾಳಿಗೆ. ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಡ. ‘ಇದು ಕೋಟೆಯಲ್ಲ, ಬರೀ ಕಾವಲು ಬುರುಜು’ ಎಂಬ ಮಾತು ಹುಟ್ಟುವುದು ಹೀಗೆ. ಆದರೆ ಬರೀ ನೋಡುವುದೇ ಉದ್ದೇಶವಾಗಿದ್ದರೆ ಎತ್ತರ ಸಾಕಿತ್ತು. ಇಷ್ಟೊಂದು ಕಂಡಿಗಳೂ ಮದ್ದಿನ ಕೋಣೆಯೂ ಬೇಕಿರಲಿಲ್ಲ. ಇಲ್ಲಿ ರಾಜನಾಗಲಿ, ದೊಡ್ಡ ಸೈನ್ಯವಾಗಲಿ ತಂಗಬೇಕಿರಲಿಲ್ಲ. ಹೊಳೆಗೆ ನುಗ್ಗುವ ಹಡಗನ್ನು ಗುಂಡಿನಿಂದ ತಡೆದರೆ ಸಾಕಿತ್ತು. ಆ ಕೆಲಸಕ್ಕೆ ಈ ಗಾತ್ರವೇ ಸರಿ.

ಅದನ್ನು ಕಟ್ಟಿದ ಕಾಲವೂ ಇದನ್ನೇ ಹೇಳುತ್ತದೆ. 1768ರಲ್ಲಿ ಒಮ್ಮೆ, 1783ರಲ್ಲಿ ಮತ್ತೊಮ್ಮೆ ಬೊಂಬಾಯಿಯ ಇಂಗ್ಲಿಷ್ ಪಡೆ ಮಂಗಳೂರನ್ನು ಹಿಡಿದಿತ್ತು. ಎರಡನೆಯ ಸಲ ಟಿಪ್ಪು ಸುಲ್ತಾನ್ ಊರನ್ನು ತಿಂಗಳುಗಟ್ಟಲೆ ಮುತ್ತಿದ. ಒಳಗೆ ಸಿಕ್ಕಿಬಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ ಸಮುದ್ರದ ಕಡೆಯಿಂದ ನೆರವು ಬಂದೀತೆಂದು ಕಾದು, ಹಸಿವು ರೋಗಗಳಿಂದ ಸೊರಗಿ, 1784ರ ಜನವರಿಯಲ್ಲಿ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಟಿಪ್ಪು ಬತ್ತೇರಿ ಕಟ್ಟಿಸಿದ್ದೂ ಅದೇ 1784ರಲ್ಲಿ ಎನ್ನುತ್ತಾರೆ. ನೆಲದ ಮೇಲೆ ಗೆದ್ದವನಿಗೂ ನೀರಿನ ದಾರಿ ತೆರೆದೇ ಇದೆಯೆಂದು ಆ ಮುತ್ತಿಗೆ ಕಲಿಸಿತ್ತು. ಬತ್ತೇರಿ ಆ ಪಾಠಕ್ಕೆ ಕಲ್ಲಿನಲ್ಲಿ ಕೊಟ್ಟ ಉತ್ತರ.

ಹೀಗಾಗಿ ಈ ಕೋಟೆಯ ಅರ್ಧ ಭಾಗ ಕಲ್ಲಿನಲ್ಲಿದೆ, ಉಳಿದರ್ಧ ನದಿಯಲ್ಲಿದೆ. ಕಂಡಿಯಿಂದ ನೀರು ಕಾಣದಿದ್ದರೆ ಕಂಡಿಗೆ ಅರ್ಥವಿಲ್ಲ. ಆ ಕಾರಣಕ್ಕೇ ಇಂಥ ಸ್ಮಾರಕಕ್ಕೆ ನದಿದಂಡೆಯ ಉದ್ಯಾನವೇ ತಕ್ಕ ಆವರಣ. ಇದಕ್ಕೆ ಆಕ್ಷೇಪಗಳಿವೆ. ಉದ್ಯಾನವೆಂದರೆ ಸೆಲ್ಫಿ, ಕಡಲೆಕಾಯಿ ಸಿಪ್ಪೆ, ಗೋಡೆಯ ಮೇಲೆ ಹೆಸರು ಕೆತ್ತುವವರ ಕಾಟ. ಬೀಗ ಹಾಕಿದರೆ ಕಲ್ಲಾದರೂ ಉಳಿದೀತು ಎನ್ನುವವರಿದ್ದಾರೆ. ಕಾಟ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಕಾವಲುಗಾರ ಮತ್ತು ದಂಡ. ಜನ ಬಾರದ ಸ್ಮಾರಕದ ಮೇಲೆ ಅರಳಿ ಸಸಿ ಬೇರುಬಿಟ್ಟರೂ ದೂರು ಕೊಡುವವರಿರುವುದಿಲ್ಲ. ಸಂಜೆಯ ತಿರುಗಾಟಕ್ಕೆ ಬರುವವರು, ದೋಣಿಯಲ್ಲಿ ತಣ್ಣೀರುಬಾವಿ ಕಡಲತೀರಕ್ಕೆ ದಾಟುವವರು ಸಂಬಳವಿಲ್ಲದ ಕಾವಲುಗಾರರೂ ಹೌದು.

ಸುತ್ತಲ ನಿವಾಸಿಗಳ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬತ್ತೇರಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ರಕ್ಷಿತ ಸ್ಮಾರಕದಿಂದ 100 ಮೀಟರ್ ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ಮನೆಗೆ ಕೋಣೆಯೊಂದನ್ನು ಸೇರಿಸಲೂ ಆಗದವನಿಗೆ ಇತಿಹಾಸ ಹೊರೆಯೇ. ಎಲ್ಲ ದಿಕ್ಕಿಗೂ ಒಂದೇ ಅಳತೆ ಹಿಡಿಯುವ ನಿಯಮ ಸ್ಮಾರಕದ ಸ್ವಭಾವವನ್ನು ನೋಡುವುದಿಲ್ಲ. ಬತ್ತೇರಿಗೆ ಮುಖ್ಯವಾದದ್ದು ನೀರಿನ ಕಡೆಯ ನೋಟ. ಊರಿನ ಕಡೆ ತುಸು ಸಡಿಲಿಸಿ, ನದಿಯ ಕಡೆ ಬಿಗಿಗೊಳಿಸಿದರೆ ಮನೆಯವರಿಗೂ ಕೋಟೆಗೂ ನ್ಯಾಯ ಸಲ್ಲುತ್ತದೆ. ಟಿಪ್ಪುವಿನ ಹೆಸರಿಗೆ ಅಂಟಿದ ವಾದ ಮೂರನೆಯದು. ಆತನನ್ನು ಮೆಚ್ಚುವವರೂ ಒಪ್ಪದವರೂ ಅಳಿವೆಯನ್ನು ಕಾಯಬೇಕಿದ್ದ ಅಗತ್ಯವನ್ನು ಅಲ್ಲಗಳೆಯಲಾರರು. ಬತ್ತೇರಿಯನ್ನು ಅರಿಯಲು ಆ ವಾದ ತೀರ್ಮಾನವಾಗಬೇಕಿಲ್ಲ.

1970ರ ದಶಕದಲ್ಲಿ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಶುರುವಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಅಳಿವೆ ಬಹುಮಟ್ಟಿಗೆ ಮೀನುಗಾರಿಕೆ ದೋಣಿಗಳ ಪಾಲಾಯಿತು. ಕಾಯಬೇಕಾದ ಶತ್ರು ಈಗಿಲ್ಲ. ಆದ್ದರಿಂದ ಉದ್ಯಾನ ಮಾಡಬೇಕಾದ ಕೆಲಸ ಸರಳ: ನದಿಯ ಕಡೆಯ ನೋಟವನ್ನು ಮರ, ಅಂಗಡಿಗಳಿಂದ ಮುಚ್ಚದಿರುವುದು, ಹಳೆಯ ಅಳಿವೆಯ ನಕ್ಷೆಯೊಂದನ್ನು ಕಂಡಿಯ ಪಕ್ಕ ಇಡುವುದು, ಮಂಗಳೂರು ಮುತ್ತಿಗೆಯ ಕಥೆಯನ್ನು ಕನ್ನಡ, ತುಳುಗಳಲ್ಲಿ ನಾಲ್ಕು ಸಾಲಿನಲ್ಲಿ ಬರೆಯುವುದು. ಇಷ್ಟಾದರೆ ಕಟ್ಟಡದ ಗಾತ್ರ ನೋಡಿ ಮುಖ ತಿರುಗಿಸುವವನೂ ಕಂಡಿಯೊಳಗೆ ಒಮ್ಮೆ ಇಣುಕುತ್ತಾನೆ, ಅದು ಅಲ್ಲೇ ಏಕಿದೆ ಎಂಬುದನ್ನು ತಾನೇ ಕಂಡುಕೊಳ್ಳುತ್ತಾನೆ.