ಎಪ್ಪತ್ತೆರಡು ಗಂಟೆಗಳ ಸಾಕ್ಷ್ಯ

ದೇಶದ ಗಡಿಯಲ್ಲಿ ನಡೆಯುವ ಆರೋಗ್ಯ ತಪಾಸಣೆಯು ಮೂಲತಃ ಕಾಲದ ಲೆಕ್ಕಾಚಾರ. ಪ್ರಯಾಣಿಕನ ಪೆಟ್ಟಿಗೆಯನ್ನು ತೆರೆಸುವ ಸುಂಕದ ಅಧಿಕಾರಿಗೆ ಅದರೊಳಗಿರುವುದೆಲ್ಲ ಆ ಕ್ಷಣದಲ್ಲೇ ಕಾಣುತ್ತದೆ. ಅದೇ ಪ್ರಯಾಣಿಕನ ದೇಹವನ್ನು ಪರೀಕ್ಷಿಸುವ ಆರೋಗ್ಯಾಧಿಕಾರಿಗಾದರೋ ಐದು ದಿನಗಳ ನಂತರ ಪ್ರಕಟವಾಗಲಿರುವ ಸೋಂಕು ಇಂದು ಕಾಣುವುದಿಲ್ಲ. 2020ರಿಂದ 2023ರವರೆಗೆ ಭಾರತವೂ ಸೇರಿದಂತೆ ಜಗತ್ತಿನ ಬಹುತೇಕ ದೇಶಗಳು ವಿದೇಶಗಳಿಂದ ಬರುವವರಿಗಾಗಿ ಹೊರಡಿಸಿದ ಕೋವಿಡ್ ಮಾರ್ಗಸೂಚಿಗಳಲ್ಲಿ 96 ಗಂಟೆ, 72 ಗಂಟೆ, 7 ದಿನ, 14 ದಿನ ಎಂಬ ಅಂಕಿಗಳೇ ತುಂಬಿಕೊಂಡಿದ್ದುದಕ್ಕೆ ಕಾರಣವೂ ಇದೇ. ಆ ಅಂಕಿಗಳು ಎಲ್ಲಿಂದ ಬಂದವು, ಅವು ಏನನ್ನು ಹಿಡಿಯಬಲ್ಲವಾಗಿದ್ದವು, ಏನನ್ನು ಬಿಟ್ಟುಕೊಡುತ್ತಿದ್ದವು ಎಂಬುದನ್ನು ನೋಡಿದರೆ, ಒಂದೇ ಮೂಗಿನ ದ್ರವದ ಪರೀಕ್ಷೆಯಿಂದ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡಿಸಲು ಸರ್ಕಾರಗಳು ಹೊರಟಿದ್ದವು ಎಂಬುದು ತಿಳಿಯುತ್ತದೆ.

ಬಂದವರನ್ನು ಕೆಲವು ದಿನ ಪ್ರತ್ಯೇಕವಾಗಿಡುವ ಪದ್ಧತಿ ಹಳೆಯದು. ಪ್ಲೇಗಿನ ಭಯದಿಂದ ಏಡ್ರಿಯಾಟಿಕ್ ಸಮುದ್ರತೀರದ ರಗೂಸಾ ನಗರವು 1377ರಲ್ಲಿ ಹೊರಗಿನಿಂದ ಬಂದವರಿಗೆ 30 ದಿನಗಳ ತಡೆಯನ್ನು ವಿಧಿಸಿತು. ಮುಂದೆ ಅದು 40 ದಿನಗಳಿಗೆ ಬೆಳೆದು, ನಲವತ್ತು ಎಂಬ ಅರ್ಥದ ಇಟಾಲಿಯನ್ ಪದದಿಂದ ‘ಕ್ವಾರಂಟೈನ್’ ಎಂಬ ಹೆಸರು ಹುಟ್ಟಿತು. ಇಂದು ಈ ವಿಷಯದಲ್ಲಿ ದೇಶಗಳನ್ನು ಕಟ್ಟಿಹಾಕಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿ 2005ರಲ್ಲಿ ಅಂಗೀಕಾರವಾಗಿ 2007ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ. ಭಾರತದ ವಿಮಾನ ನಿಲ್ದಾಣಗಳಲ್ಲಿ ಆರೋಗ್ಯಾಧಿಕಾರಿಗೆ ಪ್ರಯಾಣಿಕರನ್ನು ತಡೆಯುವ ಅಧಿಕಾರ ಬಂದಿರುವುದು 1954ರ ವಿಮಾನ ಸಾರ್ವಜನಿಕ ಆರೋಗ್ಯ ನಿಯಮಗಳಿಂದ.

ಈ ವ್ಯವಸ್ಥೆ ಅಚ್ಚುಕಟ್ಟಾಗಿ ನಡೆದುಕೊಂಡು ಬಂದಿರುವುದು ಹಳದಿ ಜ್ವರದ ವಿಷಯದಲ್ಲಿ. ಭಾರತದಲ್ಲಿ ಹಳದಿ ಜ್ವರ ಇಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ, ಅಂದರೆ ಡೆಂಗಿಯನ್ನೂ ಹರಡುವ ಅದೇ ಸೊಳ್ಳೆ, ಊರೂರುಗಳಲ್ಲಿದೆ. ಸೋಂಕಿತನೊಬ್ಬ ಬಂದು ಸೊಳ್ಳೆ ಕಡಿಸಿಕೊಂಡರೆ ಕಾಯಿಲೆ ಇಲ್ಲೇ ನೆಲೆಯೂರಬಹುದೆಂಬ ಆತಂಕದಿಂದ, ಆ ರೋಗವಿರುವ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರು ಲಸಿಕೆಯ ಹಳದಿ ಪುಸ್ತಿಕೆಯನ್ನು ತೋರಿಸಬೇಕು; ಇಲ್ಲದಿದ್ದವರನ್ನು ಗರಿಷ್ಠ 6 ದಿನ ತಡೆದಿಡಬಹುದು. ಆರು ದಿನ ಏಕೆಂದರೆ ಸೋಂಕು ತಗುಲಿದ ಬಳಿಕ ಲಕ್ಷಣ ಕಾಣಿಸಿಕೊಳ್ಳಲು ಬೇಕಾಗುವ ಅವಧಿ ಅಷ್ಟು ಎಂದು ನಿಯಮಾವಳಿ ಗ್ರಹಿಸಿದೆ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ ಪುಸ್ತಿಕೆಗೆ ಬೆಲೆ ಬರುತ್ತದೆ. 2016ರ ಜುಲೈನಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ರೋಗ ಹಳೆಯದು, ಲಸಿಕೆಯ ಬಗೆಗೆ ತಕರಾರಿಲ್ಲ, ಪುಸ್ತಿಕೆಯ ನಮೂನೆ ಜಗತ್ತಿಗೆಲ್ಲ ಒಂದೇ. ಕೋವಿಡ್ ಬಂದಾಗ ಈ ಮೂರರಲ್ಲಿ ಒಂದೂ ಕೈಯಲ್ಲಿರಲಿಲ್ಲ.

2020ರ ಜನವರಿಯಲ್ಲಿ ಚೀನಾದಿಂದ ಬಂದವರ ಮೈಬಿಸಿಯನ್ನು ಥರ್ಮಲ್ ಕ್ಯಾಮೆರಾಗಳಿಂದ ಅಳೆಯುವ ಕೆಲಸ ಭಾರತದ ಪ್ರಮುಖ ವಿಮಾನ ನಿಲ್ದಾಣಗಳಲ್ಲಿ, ಬೆಂಗಳೂರಿನಲ್ಲಿ ಕೂಡ, ಆರಂಭವಾಯಿತು. ಜ್ವರವಿದ್ದವರನ್ನು ಮಾತ್ರ ಗುರುತಿಸಬಲ್ಲ ಈ ವಿಧಾನದ ಮಿತಿ ಬೇಗನೆ ಬಯಲಾಯಿತು. ದೇಶದ ಮೊದಲ ಕೋವಿಡ್ ಸಾವೆಂದು ದಾಖಲಾದ ಕಲಬುರಗಿಯ ವೃದ್ಧರು ಸೌದಿ ಅರೇಬಿಯಾದಿಂದ ಫೆಬ್ರುವರಿ 29ರಂದು ಮರಳಿದಾಗ ಅವರಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಜ್ವರ ಮತ್ತು ಕೆಮ್ಮು ಕಾಣಿಸಿಕೊಂಡದ್ದು ಮಾರ್ಚ್ 6ರಂದು. ಯಾವ ಕ್ಯಾಮೆರಾ ಎಷ್ಟೇ ಸೂಕ್ಷ್ಮವಾಗಿದ್ದರೂ ಆ ನಡುವಿನ ದಿನಗಳನ್ನು ಅದು ಮೊದಲೇ ಓದಲಾರದು.

ಆದ್ದರಿಂದ ಎಲ್ಲ ದೇಶಗಳೂ ಆರ್‌ಟಿ–ಪಿಸಿಆರ್ ಪರೀಕ್ಷೆಯ ಮೊರೆ ಹೋದವು. ಮೂಗು ಅಥವಾ ಗಂಟಲಿನಿಂದ ತೆಗೆದ ದ್ರವದಲ್ಲಿ ವೈರಾಣುವಿನ ಆರ್‌ಎನ್‌ಎ ಇದ್ದರೆ ಅದನ್ನು ಮೊದಲು ಡಿಎನ್‌ಎ ಆಗಿ ಪರಿವರ್ತಿಸಿ, ಅನಂತರ ಒಂದು ಎರಡಾಗಿ, ಎರಡು ನಾಲ್ಕಾಗಿ ಮತ್ತೆ ಮತ್ತೆ ಇಮ್ಮಡಿಸುತ್ತ ಹೋಗುವುದು ಈ ಪರೀಕ್ಷೆಯ ಬಗೆ. ಗುರುತಿಗೆ ಸಿಕ್ಕಲು ಎಷ್ಟು ಸುತ್ತು ಬೇಕಾಯಿತು ಎಂಬುದನ್ನು ‘ಸಿಟಿ ಮೌಲ್ಯ’ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 35 ಸುತ್ತುಗಳನ್ನು ಮಿತಿಯಾಗಿ ಸೂಚಿಸಿತ್ತು. ಪರೀಕ್ಷೆ ಇಷ್ಟು ಸೂಕ್ಷ್ಮವಾಗಿದ್ದರೂ ಅದಕ್ಕೆ ಎರಡು ತುದಿಗಳಲ್ಲಿ ಕುರುಡುತನವಿದೆ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಮೂಗಿನಲ್ಲಿ ವೈರಾಣು ಇನ್ನೂ ಸಾಕಷ್ಟು ಬೆಳೆದಿರುವುದಿಲ್ಲ: ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಅಂದಾಜಿನಂತೆ, ಸೋಂಕಿತರಲ್ಲಿ ನಾಲ್ಕನೆಯ ದಿನ ಪರೀಕ್ಷಿಸಿದರೂ ಶೇ 67ರಷ್ಟು ಮಂದಿಗೆ ನೆಗೆಟಿವ್ ವರದಿ ಬರುವ ಸಾಧ್ಯತೆ ಇತ್ತು, ಎಂಟನೆಯ ದಿನಕ್ಕೆ ಅದು ಶೇ 20ಕ್ಕೆ ಇಳಿಯುತ್ತಿತ್ತು. ಇನ್ನೊಂದು ತುದಿಯಲ್ಲಿ, ಕಾಯಿಲೆ ವಾಸಿಯಾಗಿ ಯಾರಿಗೂ ಸೋಂಕು ಹರಡಲಾಗದ ಸ್ಥಿತಿ ತಲುಪಿದವರಲ್ಲೂ ಸತ್ತ ವೈರಾಣುವಿನ ಚೂರುಗಳು ವಾರಗಟ್ಟಲೆ ಉಳಿದು ಪಾಸಿಟಿವ್ ವರದಿ ತರಿಸುತ್ತಿದ್ದವು. ಹೀಗೆ ವಿಮಾನ ಹತ್ತಬಾರದವರು ಹತ್ತುವುದೂ, ಹತ್ತಬಹುದಾಗಿದ್ದವರು ಪರದೇಶದಲ್ಲೇ ಉಳಿಯುವುದೂ ಒಂದೇ ನಿಯಮದಿಂದ ನಡೆಯುತ್ತಿತ್ತು. ಎಪ್ಪತ್ತೆರಡು ಗಂಟೆಗಳ ಹಿಂದಿನ ನೆಗೆಟಿವ್ ವರದಿಯು ಆ ಗಳಿಗೆಯಲ್ಲಿ ತೆಗೆದ ದ್ರವದ ಕುರಿತ ಸಾಕ್ಷ್ಯವೇ ಹೊರತು, ಅದಾದ ಮೇಲೆ ಪ್ರಯಾಣಿಕ ಕುಳಿತ ಟ್ಯಾಕ್ಸಿ, ಉಂಡ ಹೋಟೆಲು, ವಿಮಾನ ನಿಲ್ದಾಣದ ಸಾಲು ಇವುಗಳ ಕುರಿತು ಅದು ಏನನ್ನೂ ಹೇಳಲಾರದು.

ಭಾರತ ಮೊದಲು ಆರಿಸಿಕೊಂಡದ್ದು ಪರೀಕ್ಷೆಯನ್ನಲ್ಲ, ಬಾಗಿಲು ಮುಚ್ಚುವುದನ್ನು. 2020ರ ಮಾರ್ಚ್ ಮಧ್ಯದಲ್ಲಿ ಬಹುತೇಕ ವೀಸಾಗಳು ರದ್ದಾಗಿ, ಕೊನೆಯ ವಾರದ ಹೊತ್ತಿಗೆ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ನಿಂತವು. ಮೇ 7ರಂದು ಆರಂಭವಾದ ‘ವಂದೇ ಭಾರತ್’ ಕಾರ್ಯಾಚರಣೆಯಲ್ಲಿ ವಿದೇಶಗಳಲ್ಲಿ ಸಿಕ್ಕಿಕೊಂಡಿದ್ದವರು ಮರಳತೊಡಗಿದರು. ದುಬೈನಿಂದ ಮೊದಲ ವಿಮಾನ ಮಂಗಳೂರಿಗೆ ಬಂದಿಳಿದದ್ದು ಮೇ 12ರಂದು. ಬಂದವರಿಗೆ ಮೊದಲು 14 ದಿನ, ಮೇ ಕೊನೆಯ ಹೊತ್ತಿಗೆ 7 ದಿನ ಸ್ವಂತ ಖರ್ಚಿನ ಸಾಂಸ್ಥಿಕ ಕ್ವಾರಂಟೈನ್ ಹಾಗೂ ಮತ್ತೆ 7 ದಿನ ಮನೆಯಲ್ಲಿ ಪ್ರತ್ಯೇಕವಾಸ ಎಂದಾಯಿತು. ಕರ್ನಾಟಕದಲ್ಲಿ ಮನೆಯಲ್ಲಿರಬೇಕಾದವರ ಕೈಮೇಲೆ ಮುದ್ರೆ ಒತ್ತುತ್ತಿದ್ದರು. ಮತದಾರರ ಬೆರಳಿಗಾಗಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ತಯಾರಿಸುವ ಅಳಿಸಲಾಗದ ಶಾಯಿಯನ್ನು ಇಂಥ ಮುದ್ರೆಗೆ ಬಳಸಲು ಚುನಾವಣಾ ಆಯೋಗ ಒಪ್ಪಿಗೆ ಕೊಟ್ಟಿದ್ದು ಆಗಲೇ. ರಾಜ್ಯ ಸರ್ಕಾರದ ‘ಕ್ವಾರಂಟೈನ್ ವಾಚ್’ ಆ್ಯಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳುಹಿಸಬೇಕೆಂದು ಕೇಳಿತು. ನಿದ್ದೆಗೆ ಮಾತ್ರ ವಿನಾಯಿತಿ ಇದ್ದ ಈ ಕಾವಲು ಹೊಟ್ಟೆಪಾಡಿನ ಕೆಲಸವಿದ್ದವರಿಗೆ ಎಷ್ಟು ಸಾಧ್ಯವಿತ್ತೆಂಬುದನ್ನು ಆದೇಶ ಬರೆದವರು ಹೆಚ್ಚು ಯೋಚಿಸಿದಂತಿಲ್ಲ.

ಗಂಟೆಗಳ ಲೆಕ್ಕ ಬಂದದ್ದು ಆ ವರ್ಷದ ಆಗಸ್ಟ್‌ನಲ್ಲಿ. ಪ್ರಯಾಣಕ್ಕೆ 96 ಗಂಟೆಗಳ ಒಳಗಿನ ನೆಗೆಟಿವ್ ವರದಿ ಇದ್ದವರಿಗೆ ಸಾಂಸ್ಥಿಕ ಕ್ವಾರಂಟೈನ್‌ನಿಂದ ವಿನಾಯಿತಿ ದೊರೆಯಿತು. ನವೆಂಬರಿನಲ್ಲಿ ಅದು 72 ಗಂಟೆಗಳಿಗೆ ಇಳಿಯಿತು; 2021ರ ಫೆಬ್ರುವರಿಯಲ್ಲಿ ವರದಿಯನ್ನೂ ಸ್ವಯಂಘೋಷಣೆಯನ್ನೂ ‘ಏರ್ ಸುವಿಧಾ’ ಎಂಬ ಜಾಲತಾಣಕ್ಕೆ ಮುಂಚಿತವಾಗಿ ಏರಿಸುವುದು ಕಡ್ಡಾಯವಾಯಿತು. ಅಷ್ಟರಲ್ಲಿ ವೈರಾಣು ರೂಪ ಬದಲಿಸತೊಡಗಿತ್ತು. ಬ್ರಿಟನ್ನಿನ ರೂಪಾಂತರಿಯ ಸುದ್ದಿ ಬಂದೊಡನೆ 2020ರ ಡಿಸೆಂಬರಿನಲ್ಲಿ ಅಲ್ಲಿಂದ ಬರುವ ವಿಮಾನಗಳನ್ನು ತಡೆದು, ಈಗಾಗಲೇ ಬಂದಿದ್ದವರನ್ನು ಹುಡುಕಿ ಪರೀಕ್ಷಿಸಿ, ಪಾಸಿಟಿವ್ ಬಂದವರ ಮಾದರಿಗಳ ವಂಶವಾಹಿ ಸರಣಿಯನ್ನು, ಅಂದರೆ ವೈರಾಣುವಿನ ಆರ್‌ಎನ್‌ಎಯ ಅಕ್ಷರಕ್ರಮವನ್ನು, ಓದಿಸಲಾಯಿತು. ಡಿಸೆಂಬರ್ 29ರಂದು ಪ್ರಕಟವಾದ ಮೊದಲ ಆರು ಪ್ರಕರಣಗಳಲ್ಲಿ ಮೂರನ್ನು ಪತ್ತೆ ಮಾಡಿದ್ದು ಬೆಂಗಳೂರಿನ ನಿಮ್ಹಾನ್ಸ್. ಇಲ್ಲಿ ಪರೀಕ್ಷೆಯ ಎರಡನೆಯ ಕೆಲಸ ಸ್ಪಷ್ಟವಾಗುತ್ತದೆ: ಸೋಂಕಿತನನ್ನು ಹೊಸ್ತಿಲಲ್ಲಿ ತಡೆಯುವುದು ಒಂದು, ಯಾವ ಬಗೆಯ ಸೋಂಕು ಬರುತ್ತಿದೆ ಎಂದು ಕಣ್ಣಿಟ್ಟು ನೋಡುವುದು ಇನ್ನೊಂದು. ಮೊದಲನೆಯದಕ್ಕೆ ಪ್ರತಿಯೊಬ್ಬನನ್ನೂ ಪರೀಕ್ಷಿಸಬೇಕು, ಒಬ್ಬ ನುಸುಳಿದರೂ ಉದ್ದೇಶ ಕೆಡುತ್ತದೆ; ಎರಡನೆಯದಕ್ಕೆ ನೂರರಲ್ಲಿ ಇಬ್ಬರು ಸಿಕ್ಕರೂ ಸಾಕಾಗಬಹುದು.

ಆದರೆ ಕಣ್ಣಿಟ್ಟು ನೋಡಿ ಹೇಳಿದವರಿಗೆ ಸಿಕ್ಕ ಪ್ರತಿಫಲವೆಂದರೆ ನಿರ್ಬಂಧ. 2021ರ ಏಪ್ರಿಲ್‌ನಲ್ಲಿ ಡೆಲ್ಟಾ ರೂಪಾಂತರಿಯ ಅಲೆಯೆದ್ದಾಗ ಭಾರತವೇ ಅನ್ಯರ ಅಪಾಯದ ಪಟ್ಟಿಯಲ್ಲಿ ಸೇರಿತು: ಏಪ್ರಿಲ್ 23ರಿಂದ ಬ್ರಿಟನ್ ಭಾರತವನ್ನು ‘ಕೆಂಪು ಪಟ್ಟಿ’ಗೆ ಸೇರಿಸಿ, ತನ್ನ ನಾಗರಿಕರೂ ನಿವಾಸಿಗಳೂ 1,750 ಪೌಂಡ್ ತೆತ್ತು 10 ದಿನ ಹೋಟೆಲಿನಲ್ಲಿರಬೇಕೆಂದಿತು, ಆಸ್ಟ್ರೇಲಿಯಾ ಮೇ 3ರಿಂದ 15ರವರೆಗೆ ಭಾರತದಿಂದ ತನ್ನ ಸ್ವಂತ ನಾಗರಿಕರು ಮರಳುವುದನ್ನೇ ಐದು ವರ್ಷಗಳವರೆಗಿನ ಜೈಲುಶಿಕ್ಷೆಯ ಅಪರಾಧವನ್ನಾಗಿಸಿತು. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರಿಗೆ ಯುಎಇಯ ನಿಯಮ ಹೆಚ್ಚು ಕಾಡಿತು. 48 ಗಂಟೆಗಳ ಒಳಗಿನ ವರದಿ ಸಾಲದೆ, ವಿಮಾನ ಹೊರಡುವ ಕೆಲವೇ ಗಂಟೆಗಳ ಮುಂಚೆ ನಿಲ್ದಾಣದಲ್ಲೇ ಕ್ಷಿಪ್ರ ಪಿಸಿಆರ್ ಪರೀಕ್ಷೆಯೂ ಆಗಬೇಕೆಂದು ಅದು ವಿಧಿಸಿದ್ದರಿಂದ, ಆ ಸೌಲಭ್ಯವಿಲ್ಲದ ನಿಲ್ದಾಣದಿಂದ ಹೊರಡುವುದೇ ಅಸಾಧ್ಯವಾಯಿತು. ಮಂಗಳೂರಿನಲ್ಲಿ ಅದು ದೊರೆತದ್ದು 2021ರ ಆಗಸ್ಟ್‌ನಲ್ಲಿ.

ಲಸಿಕೆ ಬಂದ ಮೇಲೆ ಪ್ರಶ್ನೆ ವೈದ್ಯಕೀಯದಿಂದ ಮಾನ್ಯತೆಯ ಕಡೆಗೆ ಜಾರಿತು. ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವೆ ಭಾರತ 12ರಿಂದ 16 ವಾರಗಳ ಅಂತರ ನಿಗದಿ ಮಾಡಿದ್ದರಿಂದ, ಓದಿಗೂ ಉದ್ಯೋಗಕ್ಕೂ ಹೊರಡಬೇಕಾಗಿದ್ದವರು ಸಿಕ್ಕಿಬಿದ್ದರು. 2021ರ ಜೂನ್‌ನಲ್ಲಿ ಅಂಥವರಿಗೆ 28 ದಿನಗಳ ನಂತರವೇ ಎರಡನೆಯ ಡೋಸು ಕೊಟ್ಟು, ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸಂಖ್ಯೆ ಜೋಡಿಸಲು ಸರ್ಕಾರ ಅವಕಾಶ ಮಾಡಿಕೊಟ್ಟಿತು. ಕೋವ್ಯಾಕ್ಸಿನ್ ಪಡೆದವರ ಪಾಡು ಇನ್ನೂ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತುರ್ತು ಬಳಕೆಯ ಪಟ್ಟಿಗೆ ಸೇರಿಸಿದ್ದು 2021ರ ನವೆಂಬರ್ 3ರಂದು, ಅದುವರೆಗೂ ಅನೇಕ ದೇಶಗಳ ಕಣ್ಣಿಗೆ ಅವರು ಲಸಿಕೆಯನ್ನೇ ಪಡೆಯದವರು. ಎಲ್ಲಕ್ಕಿಂತ ವಿಚಿತ್ರವಾದದ್ದು ಬ್ರಿಟನ್ನಿನೊಡನೆ ನಡೆದ ಜಗ್ಗಾಟ. ಅಲ್ಲಿನ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡು ಪುಣೆಯಲ್ಲಿ ತಯಾರಾಗುತ್ತಿದ್ದ ಕೋವಿಶೀಲ್ಡನ್ನು 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಒಪ್ಪಿತು, ಆದರೆ ಅದನ್ನು ಹಾಕಿಸಿಕೊಂಡದ್ದಕ್ಕೆ ಭಾರತ ಕೊಟ್ಟ ಪತ್ರವನ್ನು ಒಪ್ಪಲಿಲ್ಲ. ಅಕ್ಟೋಬರ್ 4ರಿಂದ ಭಾರತವೂ ಬ್ರಿಟಿಷ್ ಪ್ರಜೆಗಳಿಗೆ ಮೂರು ಪರೀಕ್ಷೆ ಮತ್ತು 10 ದಿನಗಳ ಪ್ರತ್ಯೇಕವಾಸವನ್ನು ವಿಧಿಸಿತು. ಒಂದೇ ವಾರದಲ್ಲಿ ಬ್ರಿಟನ್ ಮಣಿಯಿತು. ಆ ವಾರದಲ್ಲಿ ವೈರಾಣುವಿನ ಸ್ವಭಾವವೇನೂ ಬದಲಾಗಿರಲಿಲ್ಲ.

ಅದೇ ವರ್ಷದ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ತಾನು ಕಂಡ ಹೊಸ ರೂಪಾಂತರಿಯನ್ನು ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಮಾಡಿತು. 26ರಂದು ಅದಕ್ಕೆ ಒಮೈಕ್ರಾನ್ ಎಂದು ಹೆಸರಿಡುವಷ್ಟರಲ್ಲಿ ಹಲವು ದೇಶಗಳು ದಕ್ಷಿಣ ಆಫ್ರಿಕಾದ ವಿಮಾನಗಳಿಗೆ ಬಾಗಿಲು ಮುಚ್ಚಿಯಾಗಿತ್ತು. ಭಾರತ ಡಿಸೆಂಬರ್ 1ರಿಂದ ‘ಅಪಾಯದ ದೇಶ’ಗಳ ಪಟ್ಟಿ ಮಾಡಿ, ಅಲ್ಲಿಂದ ಬರುವ ಎಲ್ಲರಿಗೂ ಇಳಿದೊಡನೆ ಪರೀಕ್ಷೆ, 7 ದಿನ ಮನೆಯಲ್ಲಿ ಪ್ರತ್ಯೇಕವಾಸ, ಎಂಟನೆಯ ದಿನ ಮರುಪರೀಕ್ಷೆ ಎಂಬ ನಿಯಮ ಮಾಡಿತು. ಮರುದಿನವೇ ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಬೆಂಗಳೂರಿನಿಂದ ಪ್ರಕಟವಾದವು. ಒಂದು ದಕ್ಷಿಣ ಆಫ್ರಿಕಾದಿಂದ ನೆಗೆಟಿವ್ ವರದಿಯೊಂದಿಗೆ ಬಂದು, ಇಲ್ಲಿ ಪಾಸಿಟಿವ್ ಆಗಿ, ಸರಣಿಯ ಫಲಿತಾಂಶ ಬರುವ ಮೊದಲೇ ದುಬೈಗೆ ಹೊರಟುಹೋಗಿದ್ದ ಪ್ರಯಾಣಿಕನದು. ಇನ್ನೊಂದು ನಗರದ ವೈದ್ಯರೊಬ್ಬರದು; ಅವರು ವಿದೇಶಕ್ಕೆ ಹೋದವರೇ ಅಲ್ಲ. ಪಟ್ಟಿ ಸಿದ್ಧವಾಗುವ ಹೊತ್ತಿಗೆ ರೂಪಾಂತರಿ ಊರೊಳಗೆ ನಡೆದಾಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಗಡಿಯ ಬಿಗಿ ಎಂದಿಗೂ ಫಲಿಸಲಿಲ್ಲ ಎನ್ನುವುದೂ ತಪ್ಪಾಗುತ್ತದೆ. ನ್ಯೂಜಿಲೆಂಡ್ 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿ, ಮರಳುವ ನಾಗರಿಕರನ್ನು ಸರ್ಕಾರದ ಉಸ್ತುವಾರಿಯ ಹೋಟೆಲುಗಳಲ್ಲಿ 14 ದಿನ ಇರಿಸಿ, ಲಸಿಕೆ ಬರುವವರೆಗೆ ದೊಡ್ಡ ಸಾವುನೋವನ್ನು ತಪ್ಪಿಸಿಕೊಂಡಿತು. ಅಲ್ಲಿ ಕೆಲಸ ಮಾಡಿದ್ದು ಪರೀಕ್ಷೆಗಿಂತ ಹೆಚ್ಚಾಗಿ ಆ 14 ದಿನಗಳು, ಮತ್ತು ಸುತ್ತಲಿನ ಸಮುದ್ರ. ಬೆಲೆ ತೆತ್ತವರು ಹೋಟೆಲಿನ ಕೋಣೆ ಸಿಗದೆ ತಿಂಗಳುಗಟ್ಟಲೆ ಹೊರದೇಶಗಳಲ್ಲೇ ಉಳಿದ ಆ ದೇಶದ ನಾಗರಿಕರು. ಕೋಣೆ ಹಂಚಿದ ಲಾಟರಿ ಪದ್ಧತಿ ಅವರ ಮರಳುವ ಹಕ್ಕಿಗೆ ಧಕ್ಕೆ ತಂದಿತೆಂದು ಅಲ್ಲಿನ ಹೈಕೋರ್ಟ್ 2022ರಲ್ಲಿ ತೀರ್ಪಿತ್ತಿತು.

ಭಾರತದ ನಿಯಮಗಳು ಕ್ರಮೇಣ ತಡೆಯುವ ಆಸೆ ಬಿಟ್ಟು ನೋಡುವ ಕೆಲಸಕ್ಕೆ ಇಳಿದವು. 2022ರ ಫೆಬ್ರುವರಿ 14ರಿಂದ ‘ಅಪಾಯದ ದೇಶ’ಗಳ ಪಟ್ಟಿಯೇ ಹೋಯಿತು, ಪ್ರತಿ ವಿಮಾನದಲ್ಲಿ ಶೇ 2ರಷ್ಟು ಪ್ರಯಾಣಿಕರು ಮಾತ್ರ ಮಾದರಿ ಕೊಟ್ಟು, ಫಲಿತಾಂಶಕ್ಕೆ ಕಾಯದೆ ಮನೆಗೆ ಹೋಗಬಹುದಾಯಿತು. ನವೆಂಬರಿನಲ್ಲಿ ಏರ್ ಸುವಿಧಾ ನಿಂತಿತು. ಚೀನಾ ತನ್ನ ಕಟ್ಟುಪಾಡುಗಳನ್ನು ಏಕಾಏಕಿ ಸಡಿಲಿಸಿದಾಗ, 2023ರ ಜನವರಿ 1ರಿಂದ ಆ ದೇಶವೂ ಸೇರಿ ಏಷ್ಯಾದ ಆರು ಕಡೆಗಳಿಂದ ಬರುವವರಿಗೆ ಮತ್ತೆ 72 ಗಂಟೆಗಳ ವರದಿ ಕಡ್ಡಾಯವಾಗಿ, ಆರೇ ವಾರಗಳಲ್ಲಿ ರದ್ದಾಯಿತು. ಇತ್ತ ಅಮೆರಿಕದ ಕೆಲವು ನಿಲ್ದಾಣಗಳಲ್ಲಿ ಇಷ್ಟವಿದ್ದ ಪ್ರಯಾಣಿಕರಿಂದಷ್ಟೇ ಮೂಗಿನ ದ್ರವ ಪಡೆದು, ಜೊತೆಗೆ ಬಂದಿಳಿದ ವಿಮಾನಗಳ ಶೌಚಾಲಯದ ತ್ಯಾಜ್ಯನೀರನ್ನು ಪರೀಕ್ಷಿಸುವ ಕ್ರಮ ಬೆಳೆಯಿತು. ಇದರಲ್ಲಿ ಯಾರ ಹೆಸರೂ ಬೇಕಿಲ್ಲ, ಯಾರನ್ನೂ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ. ಭಾರತದಲ್ಲಿ ಶೇ 2ರ ಪರೀಕ್ಷೆಯೂ 2023ರ ಜುಲೈನಲ್ಲಿ ಕೊನೆಗೊಂಡಿತು. ಹಳದಿ ಪುಸ್ತಿಕೆಯ ತಪಾಸಣೆ ಮಾತ್ರ ಮೊದಲಿನಂತೆಯೇ ನಡೆದಿದೆ.