ಕಾರಿನ ಎತ್ತರ, ಸ್ಪ್ರಿಂಗು ಮತ್ತು ಗಾಲಿಗಳ ನೇರ

ವೇಗದ ಕಾರನ್ನು ನೆಲಕ್ಕೆ ಸಮೀಪವಾಗುವಂತೆ ಇಳಿಸುವ ಹವ್ಯಾಸವು ಈಗ ಅನೇಕ ತರುಣರಲ್ಲಿ ಕಂಡುಬರುತ್ತಿದೆ. ಪಾಲಕರು ಅದನ್ನು ಬರಿಯ ಶೋಕಿಯೆಂದು ಬಗೆಯುವರು. ಅದರ ಹಿಂದಿರುವ ಶಾಸ್ತ್ರವನ್ನೂ ಅಪಾಯವನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲು ಯತ್ನಿಸುತ್ತೇವೆ.

ಮೇವನ್ನು ಎತ್ತರವಾಗಿ ಹೇರಿದ ಚಕ್ಕಡಿಗೆ ತಿರುವಿನಲ್ಲಿ ಉರುಳುವ ಭಯವುಂಟು. ಅಷ್ಟೇ ತೂಕದ ಕಲ್ಲು ಹೇರಿದ ಚಕ್ಕಡಿಗೆ ಆ ಭಯ ಕಡಿಮೆ. ಭಾರದ ಕೇಂದ್ರವು ಕೆಳಗಿದ್ದಷ್ಟೂ ವಾಹನವು ಸ್ಥಿರ. ಆದುದರಿಂದಲೇ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಂಥ ನುಣುಪಾದ ಪಂದ್ಯದ ಹಾದಿಯಲ್ಲಿ ಓಡುವ ಕಾರುಗಳು ತಗ್ಗಾಗಿರುತ್ತವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯ ರ‍್ಯಾಲಿಗೆ ಇಳಿಯುವ ಕಾರುಗಳಾದರೋ ಎತ್ತರವಾಗಿರಬೇಕಾಗುವದು. ಎತ್ತರವನ್ನು ಗೊತ್ತುಪಡಿಸುವದು ರಸ್ತೆಯೇ ಎಂಬುದನ್ನು ಮರೆಯಬಾರದು.

ಸ್ಪ್ರಿಂಗು ಹೊತ್ತ ಭಾರಕ್ಕೆ ತಕ್ಕಷ್ಟು ಕುಗ್ಗುವದೆಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿಯು 1678ರಲ್ಲಿ ವಿವರಿಸಿ ಪ್ರಕಟಿಸಿದನು. ಆದರೆ ಅದು ನುಂಗಿಕೊಳ್ಳುವ ಹೊಡೆತದ ಶಕ್ತಿಯು ಕುಗ್ಗಿದ ಅಳತೆಯ ವರ್ಗಕ್ಕೆ ಅನುಗುಣವಾಗಿರುವದು. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಲಿ: ಗಾಲಿಯು ಮೇಲೇಳಲು 80 ಮಿ.ಮೀ. ಅವಕಾಶವಿದ್ದ ಕಾರನ್ನು 30 ಮಿ.ಮೀ. ಇಳಿಸಿದರೆ 50 ಮಿ.ಮೀ. ಮಾತ್ರ ಉಳಿಯುವದು. ಅದೇ ಹೊಡೆತವನ್ನು ಇಷ್ಟರೊಳಗೆ ತಡೆಯಬೇಕಾದರೆ 6,400ನ್ನು 2,500ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ಎರಡೂವರೆ ಪಟ್ಟು ಬಿರುಸಾದ ಸ್ಪ್ರಿಂಗು ಬೇಕು! ಅಷ್ಟು ಬಿರುಸಾದರೆ ಒರಟು ರಸ್ತೆಯಲ್ಲಿ ಗಾಲಿಯು ನೆಲಬಿಟ್ಟು ಜಿಗಿಯುವದು. ನೆಲಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ.

ಆದ್ದರಿಂದ ಊರ ರಸ್ತೆಯ ಕಾರಿನಲ್ಲಿ ಇಳಿಕೆಯು ಅಲ್ಪವಾಗಿರಬೇಕು. ಸ್ಪ್ರಿಂಗು ಆ ಮಾದರಿಯ ಕಾರಿಗೆಂದೇ ತಯಾರಾದದ್ದಾಗಿರಬೇಕು. ಅದರ ಬಿರುಸಿಗೆ ಹೊಂದುವ ಶಾಕ್ ಅಬ್ಸಾರ್ಬರೂ ಇರಬೇಕು. ಖರ್ಚು ಉಳಿಸಲೆಂದು ಹಳೆಯ ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸುವದು ಸರ್ವಥಾ ಸಲ್ಲದು. ಗಾಲಿಯು ತಗ್ಗಿಗೆ ಇಳಿದಾಗ ಗಿಡ್ಡಾದ ಸ್ಪ್ರಿಂಗು ತನ್ನ ನೆಲೆಯಿಂದ ಕಳಚಬಹುದು.

ಕಾರು ತಗ್ಗಿದೊಡನೆ ಗಾಲಿಗಳ ನಿಲುವೂ ಬದಲಾಗುವದು. ಮುಂದಿನಿಂದ ನೋಡಿದಾಗ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನಕ್ಕೆ ‘ಕ್ಯಾಂಬರ್’ ಎಂದೂ, ಮೇಲಿನಿಂದ ನೋಡಿದಾಗ ಜೋಡಿ ಗಾಲಿಗಳ ಮುಂಭಾಗ ಒಂದಕ್ಕೊಂದು ಸಮೀಪ ಅಥವಾ ದೂರವಾಗಿರುವದಕ್ಕೆ ‘ಟೋ’ ಎಂದೂ ಹೆಸರು. ಜೋಡೆತ್ತುಗಳು ಬೇರೆ ಬೇರೆ ದಿಕ್ಕಿಗೆ ಎಳೆದಂತೆ, ಟೋ ತಪ್ಪಿದ ಗಾಲಿಗಳು ಓಡುತ್ತಲೇ ನೆಲವನ್ನು ಉಜ್ಜುವವು. ಟಾಯರಿನ ಒಳಅಂಚು ಕಣ್ಣಿಗೆ ಬೀಳದಂತೆ ಸವೆದು, ಒಂದು ದಿನ ವೇಗದಲ್ಲಿರುವಾಗ ಒಡೆಯಬಹುದು. ಆದಕಾರಣ ಹೊಸ ಸ್ಪ್ರಿಂಗು ಹಾಕಿ, ಅದು ಕುಳಿತುಕೊಳ್ಳುವಷ್ಟು ಮಾತ್ರ ಕಾರನ್ನು ಎಚ್ಚರಿಕೆಯಿಂದ ಓಡಿಸಿ, ಒಡನೆಯೇ ಯಂತ್ರದ ಮೇಲೆ ಗಾಲಿಗಳ ನೇರವನ್ನು ಸರಿಪಡಿಸಿಕೊಳ್ಳಬೇಕು; ದೀಪಗಳ ದಿಕ್ಕನ್ನೂ ನೋಡಿಕೊಳ್ಳಬೇಕು.

ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮು ತಡೆಯೊಡ್ಡಿದೆ. ಆದುದರಿಂದ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವದು ಲೇಸು. ಮಿರಜಿನಿಂದ ಬೇಡಗಕ್ಕೆ ಬರುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳೂ ಶಾಲೆಯ ಮಕ್ಕಳೂ ಇರುವರೆಂಬುದನ್ನು ನೆನೆದು, ತರುಣರು ಕಾರಿನ ಅಂದಕ್ಕಿಂತ ಅದರ ಹಿಡಿತಕ್ಕೆ ಹೆಚ್ಚು ಬೆಲೆ ಕೊಡಲೆಂದು ಹಾರೈಸುತ್ತೇವೆ.